ಆ ಡ್ರಮ್ಮು ನೀನು ಬಿಚ್ಚಬೇಡ

ಚಿ. ಪುಟ್ಟುವಿಗೆ ದೊಡ್ಡಪ್ಪನ ಆಶೀರ್ವಾದಗಳು.

ಗ್ರಾಮಫೋನಿನ ಸ್ಪ್ರಿಂಗು ತುಂಡಾಯಿತು, ಅದರ ಬದಲಿಗೆ ಹಾಕಲು ಹಳೇ ಮೋಟಾರೊಂದು ಕೊಂಡಿದ್ದೇನೆ, ಅದರ ಸ್ಪ್ರಿಂಗ್ ಡ್ರಮ್ಮನ್ನು, ಅಂದರೆ ಸ್ಪ್ರಿಂಗು ಸುತ್ತಿಟ್ಟಿರುವ ಡಬ್ಬಿಯನ್ನು, ಭಾನುವಾರ ನಾನೇ ಬಿಚ್ಚುತ್ತೇನೆ, ಸ್ವಲ್ಪ ಭಯ ಅಂತ ಬರೆದಿದ್ದೀಯ. ಆ ಸಾಲು ಓದಿದ ಮೇಲೆ ನನಗೆ ನಿದ್ದೆ ಹತ್ತಲಿಲ್ಲ. ನಿನ್ನ ಭಯ ಸರಿಯಾಗಿಯೇ ಇದೆ ಮಗು.

ಕೀ ಪೂರ್ತಿ ಇಳಿಸಿದರೆ ಅಪಾಯ ಇಲ್ಲ ಅಂದುಕೊಂಡಿರಬೇಕು. ಕೀ ಇಳಿದರೂ ಉಕ್ಕಿನ ಆ ಉದ್ದ ಪಟ್ಟಿ ಡ್ರಮ್ಮಿನೊಳಗೆ ಬಿಗಿದುಕೊಂಡೇ ಇರುತ್ತದೆ. ಅಂಚು ಬ್ಲೇಡಿನ ಹಾಗೆ. ಮುಚ್ಚಳ ತೆಗೆದು ಎಳೆಯುವಾಗ ಕೈ ಜಾರಿತೋ, ಒಂದೇ ಸಲ ಚಿಮ್ಮುತ್ತದೆ.

ಈ ವಿಷಯ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ನಿಮ್ಮಪ್ಪ ಆಗಿನ್ನೂ ಹುಟ್ಟಿರಲಿಲ್ಲ. ನಮ್ಮ ಮೆಷಿನ್ನು ರಿಪೇರಿಗೆ ಹೋಗುತ್ತಿದ್ದುದು ಮೈಸೂರಿನ ಒಬ್ಬ ವಾಚ್ ರಿಪೇರಿಯವರ ಹತ್ತಿರ. ಪಳಗಿದ ಕೈ. ದಸರೆಗೆ ನೆಂಟರು ಬರುತ್ತಾರೆ, ಬೇಗ ಕೊಡಿ ಅಂತ ನಮ್ಮಪ್ಪ ಅವಸರ ಮಾಡಿದರು. ಸ್ಪ್ರಿಂಗು ಚಿಮ್ಮಿ ಆ ರಿಪೇರಿಯವರ ಬಲಗೈಯ ಎರಡು ಬೆರಳಿನ ನರ ಕತ್ತರಿಸಿಹೋಯಿತು. ಆಮೇಲೆ ಅವರಿಗೆ ಚಿಮಟ ಹಿಡಿಯಲು ಆಗಲಿಲ್ಲ. ಅಪ್ಪ ಮತ್ತೆ ಆ ಮೆಷಿನ್ನಿಗೆ ಕೀ ಕೊಡಲಿಲ್ಲ. ಪ್ಲೇಟುಗಳು ಅಟ್ಟ ಸೇರಿ, ಬೇಸಿಗೆಯ ಕಾವಿಗೆ ಸೊಟ್ಟಗಾದವು. ಆ ಅಂಗಡಿ ಮುಂದೆ ಹೋಗುವಾಗಲೆಲ್ಲ ಅಪ್ಪ ರಸ್ತೆಯ ಆಚೆ ಬದಿಗೆ ದಾಟುತ್ತಿದ್ದರು, ನಾನೂ ಹಿಂದೆಯೇ. ದೊಡ್ಡವನಾದ ಮೇಲಾದರೂ ಅವರನ್ನು ಹೋಗಿ ಮಾತನಾಡಿಸಬಹುದಿತ್ತು. ಅದು ಈಗಲೂ ಕೊರೆಯುತ್ತದೆ.

ಆ ಹಳೇ ಮೋಟಾರಿಗೆ ಕೀ ಕೊಡುವಾಗ 'ದಡ್' ಅನ್ನುತ್ತದೆ ಅಂದಿದ್ದೀಯಲ್ಲ, ಗ್ರೀಸು ಒಣಗಿ ಗಟ್ಟಿಯಾದಾಗ ಸ್ಪ್ರಿಂಗಿನ ಸುತ್ತುಗಳು ಅಂಟಿಕೊಂಡು, ಆಮೇಲೆ ತಟ್ಟನೆ ಜಾರುವ ಸದ್ದು ಅದು. ಒಳಗೆ ತುಕ್ಕು ಹಿಡಿದಿದ್ದರೂ ಹೊರಗೆ ಕಾಣುವುದಿಲ್ಲ. ನಿನ್ನ ಗ್ರಾಮಫೋನಿನ ಎಚ್‌ಎಂವಿ 102 ಮಾಡೆಲ್ಲು ಬಂದದ್ದೇ 1931ರಲ್ಲಿ. ಅಷ್ಟೇ ಹಳೆಯ ಇನ್ನೊಂದು ಸ್ಪ್ರಿಂಗು ಯಾಕೆ? ಹೊಸದಾಗಿ ಮಾಡಿದ್ದು ಸಿಗುತ್ತದೆ. ಅಗಲ, ದಪ್ಪ, ತುದಿಯ ತೂತು ಹೊಂದಿದರೆ ಆಯಿತು.

ಸೂಜಿ ಸಿಕ್ಕಿಸಿ ಸದ್ದು ಹೊರಡಿಸುವ ಸೌಂಡ್ ಬಾಕ್ಸ್ ಬೇರೆ ಕೊಳ್ಳುತ್ತೀಯಂತೆ. ಸತುವಿನ ಎರಕದ್ದಾದರೆ ಹಳೆಯದಾದಂತೆ ಉಬ್ಬಿ ಬಿರುಕು ಬಿಡುತ್ತದೆ, ಫೋಟೋದಲ್ಲಿ ಗೊತ್ತಾಗುವುದಿಲ್ಲ. ಫಳಫಳ ಹೊಳೆಯುವ ಹಿತ್ತಾಳೆ ಕಹಳೆಗೆ ಎಚ್‌ಎಂವಿಯ ನಾಯಿ ಚಿತ್ರ ಅಂಟಿಸಿ ಹಳೇದು ಅಂತ ಮಾರುವವರೂ ಇದ್ದಾರೆ. ಇದೆಲ್ಲ ನಿನಗೆ ನನಗಿಂತ ಜಾಸ್ತಿ ಗೊತ್ತಿರಬಹುದು, ಸುಮ್ನೆ ಹೇಳಿದೆ. ಅದರಲ್ಲಿ ಮೋಸ ಹೋದರೆ ದುಡ್ಡು ಹೋಗುತ್ತದೆ, ಹೋಗಲಿ. ನನ್ನ ಚಿಂತೆ ಆ ಡ್ರಮ್ಮಿನದು.

ಭಾನುವಾರ ಅದನ್ನು ಮುಟ್ಟಬೇಡ. ಸ್ಪ್ರಿಂಗು ಹಾಕಿ ಗೊತ್ತಿರುವವರ ಕೈಗೆ ಕೊಡು, ಖರ್ಚು ನಾನು ಕಳಿಸುತ್ತೇನೆ. ತಿಂಗಳಾದರೂ ಆಗಲಿ, ಅವರಿಗೆ ಅವಸರ ಮಾಡಬೇಡ.

ಇಂತಿ,
ನಿನ್ನ ದೊಡ್ಡಪ್ಪ