ಮೆಟ್ಟಿಲ ಮೇಲಿನ ಮಾತು ಕಾಲೇಜಿನಲ್ಲೂ ನಡೆಯಲಿ

ಸಂಪಾದಕರೇ,

ಧಾರವಾಡದ ಸಪ್ತಾಪುರದಲ್ಲಿ ನಮ್ಮ ಮನೆ. ಇಲ್ಲಿ ಯಾರ ಮಹಡಿ ನೋಡಿದರೂ ಕೆಎಎಸ್, ಪಿಎಸ್‌ಐ ಪರೀಕ್ಷೆಗೆ ಓದುವವರೇ. ನಮ್ಮ ಮಹಡಿಯ ಮೂವರು ಹುಡುಗಿಯರು ಮಾತ್ರ ಬೇರೆ. ಒಬ್ಬಳು ಬಿ.ಎಸ್ಸಿ ನರ್ಸಿಂಗ್, ಒಬ್ಬಳು ಎಂಎಸ್‌ಡಬ್ಲ್ಯೂ (ಸಮಾಜಕಾರ್ಯದ ಸ್ನಾತಕೋತ್ತರ ಓದು), ಒಬ್ಬಳು ಬಿ.ಇಡಿ. ಕಾಲೇಜೂ ಬೇರೆ ಬೇರೆ. ಬಾಡಿಗೆ ಹಂಚಿಕೊಳ್ಳಲು ಒಂದಾದವರು, ಅಷ್ಟೇ.

ಹೋದ ತಿಂಗಳು ಬಿ.ಇಡಿ ಹುಡುಗಿ ಮೆಟ್ಟಿಲ ಮೇಲೆ ಸಪ್ಪಗೆ ಕೂತಿದ್ದಳು. ಇಂಟರ್ನ್‌ಶಿಪ್‌ಗೆ ಹೋಗುವ ಶಾಲೆಯಲ್ಲಿ ಎಂಟನೇ ಕ್ಲಾಸಿನ ಹುಡುಗನೊಬ್ಬ ಮೊದಲ ಪೀರಿಯಡ್‌ನಲ್ಲೇ ನಿದ್ದೆ ಹೊಡೆಯುತ್ತಾನಂತೆ. 'ನನ್ನ ಪಾಠನ ಸರಿ ಇಲ್ಲೇನೋ' ಎಂದು ಅವಳ ಚಿಂತೆ. ಬೆಳ್ಳುಳ್ಳಿ ಸುಲಿಯುತ್ತಿದ್ದ ನರ್ಸಿಂಗ್ ಹುಡುಗಿ, ಕೆಳಗಿನ ರೆಪ್ಪೆ ಎಳೆದು ನೋಡು, ಬಿಳಿಚಿದ್ದರೆ ರಕ್ತ ಕಡಿಮೆ ಇರಬಹುದು ಎಂದಳು. ಎಂಎಸ್‌ಡಬ್ಲ್ಯೂ ಹುಡುಗಿ ಕೇಳಿದ್ದು ಒಂದೇ: 'ಅಂವ ಎಷ್ಟಕ್ಕ ಏಳ್ತಾನ?'

ನಾಲ್ಕೂವರೆಗೆ. ಪೇಪರ್ ಹಾಕಲು ಹೋಗುತ್ತಾನೆ. (ಈ ಪತ್ರ ಅಚ್ಚಾದರೆ ಇದನ್ನೂ ಅವನೇ ಯಾರದೋ ಬಾಗಿಲಿಗೆ ಎಸೆದಾನು.) ರೆಪ್ಪೆಯೂ ಬಿಳಿಚಿತ್ತು. ವಾರಕ್ಕೊಮ್ಮೆ ಶಾಲೆಯಲ್ಲಿ ಕೊಡುವ ಕಬ್ಬಿಣಾಂಶದ ನೀಲಿ ಮಾತ್ರೆ ಖಾಲಿ ಹೊಟ್ಟೆಗೆ ವಾಕರಿಕೆ ತರುತ್ತದೆಂದು ಕಿಸೆಗೆ ಹಾಕುತ್ತಿದ್ದನಂತೆ. ಈಗ ಬಿಸಿಯೂಟದ ನಂತರ ನುಂಗುತ್ತಾನೆ.

31 ವರ್ಷ ಗಣಿತ ಕಲಿಸಿದವಳು ನಾನು. ನಿದ್ದೆ ಮಾಡಿದವರನ್ನು ಬೆಂಚಿನ ಮೇಲೆ ನಿಲ್ಲಿಸಿದ್ದೇನೆ. ಎಷ್ಟಕ್ಕೆ ಏಳುತ್ತೀಯ ಎಂದು ಒಬ್ಬನನ್ನೂ ಕೇಳಿಲ್ಲ.

ಇಂಥ ಮಾತು ಕಾಲೇಜಿನಲ್ಲಿ ನಡೆಯಬೇಕಲ್ವಾ? ಮೂರೂ ಕೋರ್ಸಿನವರು ಹೋಗುವುದು ಅದೇ ಓಣಿಗಳಿಗೆ. ಆದರೆ ಒಬ್ಬರ ಮುಖ ಒಬ್ಬರು ನೋಡುವುದಿಲ್ಲ. ಎನ್ನೆಸ್ಸೆಸ್ (ರಾಷ್ಟ್ರೀಯ ಸೇವಾ ಯೋಜನೆ) 1969ರಿಂದ ಇದೆ. ಎರಡು ವರ್ಷಕ್ಕೆ 240 ಗಂಟೆ ಸೇವೆ, ಏಳು ದಿನದ ಶಿಬಿರ. ಒಳ್ಳೆಯದೇ. ನಾನು ಕಂಡ ಶಿಬಿರಗಳಲ್ಲಿ ಗಟಾರ ಬಳಿದು, ಸಸಿ ನೆಟ್ಟು, ಫೋಟೊ ತೆಗೆಸಿಕೊಂಡರೆ ಮುಗಿಯಿತು. ಕೂತು ಮಾತಾಡಿದ್ದು ಕಾಣೆ. ಅಮೆರಿಕದ ಕೆಲವು ಕಾಲೇಜುಗಳಲ್ಲಿ ನರ್ಸಿಂಗ್, ಶಿಕ್ಷಣ, ಸಮಾಜಕಾರ್ಯದಂಥ ಕೆಲಸಕ್ಕೆ ಹೋಗಬಯಸುವವರಿಗೆ ಹಾಸ್ಟೆಲಿನ ಒಂದೇ ಮಹಡಿ ಕೊಟ್ಟು, ಒಂದೆರಡು ಕ್ಲಾಸನ್ನೂ ಒಟ್ಟಿಗೆ ಮಾಡುತ್ತಾರೆ. ನಮಗೆ ಅಷ್ಟೆಲ್ಲ ಬೇಡ. ಅಕ್ಕಪಕ್ಕದ ಕಾಲೇಜುಗಳು ಸೇರಿ ಶನಿವಾರ ಒಂದು ತಾಸು, ಒಂದು ಖಾಲಿ ಕೋಣೆ ಕೊಡಲಿ. ಜೊತೆಗೆ ಒಬ್ಬ ಹಳೆಯ ನರ್ಸೋ ಆಪ್ತಸಮಾಲೋಚಕರೋ ಇರಲಿ.

ಅವರು ಬೇಕೇ ಬೇಕು. ಮೊನ್ನೆ ನರ್ಸಿಂಗ್ ಹುಡುಗಿ ವಾರ್ಡಿನಿಂದ ಬಂದವಳು ಸುಮ್ನೆ ಮೆಟ್ಟಿಲ ಮೇಲೆ ಕೂತಳು. ಮೂರು ದಿನ ಅವಳೇ ನೋಡಿಕೊಂಡ ಅಜ್ಜ ತೀರಿಕೊಂಡಿದ್ದರು. ಯಾವ ಊರವರು, ಹೆಸರೇನು ಎಂದು ಕೇಳಿಬಿಟ್ಟೆ. 'ಅದನ್ನ ಹೇಳಬಾರದು ಆಂಟಿ' ಎಂದು ಎಂಎಸ್‌ಡಬ್ಲ್ಯೂ ಹುಡುಗಿ ಮೆಲ್ಲಗೆ ತಡೆದಳು. ಆಮೇಲೆ ಏನು ಮಾತಾಡಬೇಕೋ ನನಗೆ ತಿಳಿಯಲಿಲ್ಲ. ರೊಟ್ಟಿ ತಂದಿಟ್ಟೆ. ಮುಟ್ಟಲಿಲ್ಲ.

ಬರುವ ವರ್ಷ ಮೂವರ ಕೋರ್ಸೂ ಮುಗಿಯುತ್ತದೆ. ಆ ರೂಮಿಗೆ ಕೋಚಿಂಗ್ ಹುಡುಗಿಯರು ಈಗಲೇ ಅಡ್ವಾನ್ಸ್ ಹಿಡಿದು ನಿಂತಿದ್ದಾರೆ.

– ನಿವೃತ್ತ ಗಣಿತ ಶಿಕ್ಷಕಿ, ಸಪ್ತಾಪುರ, ಧಾರವಾಡ