ಮಾನ್ಯ ಶಾಸಕರೇ, ಆ ಶೌಚಾಲಯದ ಬೀಗ ತೆಗೆಸಿ

ಮಾನ್ಯ ಶಾಸಕರಿಗೆ ನಮಸ್ಕಾರಗಳು.

ನಾನು ಬೆಂಗಳೂರಿನಲ್ಲಿ, ನಿಮ್ಮದೇ ಕ್ಷೇತ್ರದಲ್ಲಿ, ಬ್ಲೌಸ್ ಹೊಲಿದು ಬದುಕುವವಳು. ರಾಜಕಾಲುವೆ ಪಕ್ಕದ ಶೀಟ್ ಮನೆಗಳಲ್ಲಿ ಹನ್ನೊಂದು ವರ್ಷದಿಂದ ಇದ್ದೇನೆ. ಈ ಕಾಗದವನ್ನು ಕಾರ್ಪೊರೇಟರ್‌ಗೆ ಬರೆಯಬೇಕಿತ್ತು. ಅವರ ಅವಧಿ 2020ರ ಸೆಪ್ಟೆಂಬರ್‌ನಲ್ಲೇ ಮುಗಿಯಿತು. ಆಮೇಲೆ 2025ರಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆ ಬಂದವು. ನಮ್ಮ ಬೀದಿಯ ಶೌಚಾಲಯಕ್ಕೆ ಬಿದ್ದ ಬೀಗ ಮಾತ್ರ ಹಾಗೇ ಇದೆ.

ನಾನು ಕೇಳುವುದು ಎರಡೇ. ಆ ಬೀಗ ತೆಗೆಸಿ, ನೀರು ಬಿಡಿಸಿ. ಬೀದಿನಾಯಿಗಳಿಗೆ ಜಂತುಹುಳು ಔಷಧಿ ಹಾಕಿಸಿ.

ಹೋದ ಮಳೆಗಾಲದಲ್ಲಿ ನನ್ನ ಮಗಳ ಪಾದದ ಮೇಲೆ ಕೆಂಪಗೆ ಒಂದು ಗೆರೆ ಎದ್ದಿತು. ನೂಲಿನಷ್ಟು ಸಣ್ಣ, ಸೊಟ್ಟಸೊಟ್ಟ. ರಾತ್ರಿ ಅದರ ತುದಿಗೆ ಪೆನ್ನಿನಲ್ಲಿ ಗುರುತು ಹಾಕಿ ಮಲಗಿಸಿದೆ. ಬೆಳಿಗ್ಗೆ ನೋಡಿದರೆ ಗೆರೆ ಗುರುತು ದಾಟಿ ಹೋಗಿದೆ! ನಮ್ಮತ್ತೆ ಸರ್ಪಸುತ್ತು ಅಂದರು, ಕೆಮ್ಮಣ್ಣು ಕಲಸಿ ಬಳಿದರು. ಮಗು ನಿದ್ದೆಯಲ್ಲೂ ಕೆರೆದುಕೊಂಡು ರಕ್ತ ಬರಿಸಿಕೊಂಡಿತು. ಡಾಕ್ಟರ್ ನೋಡಿದ ತಕ್ಷಣ ಹೇಳಿದರು, ಇದು ನಾಯಿಯ ಹೊಟ್ಟೆಯ ಕೊಕ್ಕೆಹುಳುವಿನ ಮರಿ, ಮಣ್ಣಿನಿಂದ ಚರ್ಮದೊಳಗೆ ಹೋಗಿ ದಾರಿ ತಪ್ಪಿ ಓಡಾಡ್ತಿದೆ ಅಂತ. ನಮ್ಮ ಸಾಲಿನಲ್ಲೇ ಐದು ಮಕ್ಕಳಿಗೆ ಇದೇ ಗೆರೆ.

ಆ ಮಣ್ಣು ಎಲ್ಲಿಂದ ಬಂತು ಅಂತ ಹೇಳುತ್ತೇನೆ. ನಿಮಗೂ ಅದು ನೆನಪಿರಬೇಕು.

ಸ್ವಾಗತ ಕಮಾನಿನ ಗುದ್ದಲಿ ಪೂಜೆಗೆ ನೀವು ಬಂದಿದ್ದಿರಿ. ಶಾಮಿಯಾನ ಹಾಕಿದ್ದು ನಮ್ಮ ಪಕ್ಕದ ಖಾಲಿ ಸೈಟಿನಲ್ಲಿ. ಶೌಚಾಲಯಕ್ಕೆ ಬೀಗ ಬಿದ್ದ ಮೇಲೆ ಕತ್ತಲಿರುವಾಗಲೇ ನಾವು ಹೋಗುವುದು ಅದೇ ಸೈಟಿಗೆ. ನಾಯಿಗಳೂ ಅಲ್ಲಿಗೇ. ಪೂಜೆಯ ಹಿಂದಿನ ದಿನ ಜೆಸಿಬಿ ತಂದು ಮೇಲಿನ ಮಣ್ಣನ್ನೆಲ್ಲ ಕೆರೆದರು. ತಂದು ಸುರಿದದ್ದು ನಮ್ಮ ಗಲ್ಲಿಯ ಬಾಯಿಗೆ. ನಿಮಗೆ ಮೈಸೂರು ಪೇಟ ತೊಡಿಸಿದರು, ಕಾರಿನಿಂದ ವೇದಿಕೆಯವರೆಗೂ ಹಸಿರು ಕಾರ್ಪೆಟ್ ಹಾಸಿದ್ದರು. ಒಳ್ಳೆಯದೇ ಆಯಿತು ಬಿಡಿ, ನಿಮ್ಮ ಕಾಲಿಗೆ ಮಣ್ಣು ತಾಗಲಿಲ್ಲ.

ಆ ಗುಡ್ಡೆ ಮೂರು ವಾರ ಅಲ್ಲೇ ಇತ್ತು. ದಿನಾ ಸಂಜೆ ಮಳೆ. ಮಕ್ಕಳಿಗೆ ಹಬ್ಬ. ಗೋಣಿಚೀಲ ಹಾಕಿಕೊಂಡು ಜಾರಿದರು, ಸುರಂಗ ಕೊರೆದರು, ಬರಿಗಾಲಲ್ಲಿ ತುಳಿದರು. ಹುಳುವಿಗೂ ಬೇಕಿದ್ದದ್ದು ಅದೇ, ತೇವ, ನೆರಳು, ಬೆಚ್ಚನೆ ಮಣ್ಣು. ನಾಯಿಯ ಹೊಲಸಿನ ಜೊತೆ ಮಣ್ಣಿಗೆ ಬಿದ್ದ ಮೊಟ್ಟೆ ಒಂದೆರಡು ದಿನದಲ್ಲಿ ಒಡೆಯುತ್ತದೆ. ವಾರ ಹತ್ತು ದಿನದಲ್ಲಿ ಮರಿ ಕಾಲಿಗೆ ಹತ್ತಲು ರೆಡಿ.

ಮಣ್ಣು ತೆಗೆಸಿ ಅಂತ ಕೇಳಿದ್ದಕ್ಕೆ ಬಂದ ಇಂಜಿನಿಯರ್ ಸಾಹೇಬರು ಹೇಳಿದ್ದು, "ಮಕ್ಕಳಿಗೆ ಚಪ್ಪಲಿ ಹಾಕ್ಸಮ್ಮ." ಚಪ್ಪಲಿ ಇತ್ತು ಸಾರ್. ಒಂದು ಕಾಲಿನದ್ದನ್ನು ನಾಯಿ ಕಚ್ಚಿಕೊಂಡು ಹೋಯಿತು.

ಮಗಳ ಗೆರೆ ಮಾತ್ರೆಗೆ ಹೋಯಿತು. ಆಮೇಲೆ ನನ್ನ ಸರದಿ. ಮಿಷನ್ ಹತ್ತು ನಿಮಿಷ ತುಳಿದರೆ ಎದೆ ಡವಡವ. ರಕ್ತ ನೋಡಿಸಿದರೆ ಹಿಮೋಗ್ಲೋಬಿನ್ 7. ಮಲ ಪರೀಕ್ಷೆಯಲ್ಲಿ ಕೊಕ್ಕೆಹುಳುವಿನ ಮೊಟ್ಟೆ. ಮನುಷ್ಯರದ್ದೋ ನಾಯಿಯದ್ದೋ ಅಂತ ಕೇಳಿದೆ. ಮೈಕ್ರೋಸ್ಕೋಪಿನಲ್ಲಿ ಎಲ್ಲ ಒಂದೇ ಥರ ಕಾಣುತ್ತಂತೆ. ನಾಯಿ ಬೆಕ್ಕಿನಲ್ಲಿರುವ ಒಂದು ಜಾತಿ, ಆಂಕೈಲೋಸ್ಟೋಮ ಸಿಲಾನಿಕಂ, ನಮ್ಮ ಕರುಳಿನಲ್ಲೂ ಬೆಳೆದು ರಕ್ತ ಹೀರುತ್ತಂತೆ. ನಾಯಿ ನಮ್ಮ ಹೊಲಸು ತಿಂದರೆ ನಮ್ಮ ಹುಳುವಿನ ಮೊಟ್ಟೆಯೂ ಅದರ ಹೊಟ್ಟೆ ದಾಟಿ ಇನ್ನೊಂದು ಕಡೆ ಬೀಳಬಹುದಂತೆ. ಅಸ್ಸಾಮಿನ ಟೀ ತೋಟಗಳ ಕಡೆ ಮನುಷ್ಯರ ದುಂಡುಹುಳುವಿನ ಮೊಟ್ಟೆ ಹೀಗೆ ನಾಯಿಯ ಹೊಲಸಿನಲ್ಲಿ ಸಿಕ್ಕಿದೆಯಂತೆ. ದಸರಾಕ್ಕೆ ಹಿಡಿದಿದ್ದ ಹದಿನಾಲ್ಕು ಬ್ಲೌಸ್ ವಾಪಸ್ ಕೊಟ್ಟೆ. ಅಡ್ವಾನ್ಸೂ ವಾಪಸ್.

ಜಂತುಹುಳು ಮಾತ್ರೆ ಕೊಡ್ತಿದ್ದೀವಲ್ಲ ಅಂತೀರಿ. ಕೊಡ್ತಿದ್ದೀರಿ, 2015ರಿಂದ, ಶಾಲೆ ಅಂಗನವಾಡಿಯಲ್ಲಿ, 1ರಿಂದ 19 ವರ್ಷದವರಿಗೆ. ನನಗೆ ಮೂವತ್ತೆಂಟು. ಹುಳು ಆಧಾರ್ ಕಾರ್ಡ್ ನೋಡಿ ಹತ್ತುತ್ತಾ? ಮಾತ್ರೆ ನುಂಗಿದ ಮಗು ಶಾಲೆಯಿಂದ ಬಂದು ಮತ್ತೆ ಅದೇ ಮಣ್ಣು ತುಳಿಯುತ್ತದೆ. ಹೊಟ್ಟೆಯ ಹುಳು ಸಾಯುತ್ತೆ, ಮಣ್ಣಿನದ್ದು ಸಾಯಲ್ಲ. ಅದಕ್ಕೇ ಹೇಳುವುದು, ಶೌಚಾಲಯದ ಬೀಗ ತೆಗೆಸಿ.

ನಾಯಿಗಳ ವಿಷಯ ನಿಮಗೆ ಹೊಸದೇನಲ್ಲ. ನಾಯಿ ಸಂತಾನ ತಡೆಯುವ 2023ರ ನಿಯಮ ಗೊತ್ತು. 2025ರ ಆಗಸ್ಟ್ 22ರ ಸುಪ್ರೀಂ ಕೋರ್ಟ್ ಆದೇಶವೂ ಗೊತ್ತು. ಹಿಡಿದ ನಾಯಿಗೆ ಆಪರೇಷನ್, ಲಸಿಕೆ, ಜೊತೆಗೆ ಜಂತುಹುಳು ಔಷಧಿ, ಮೂರೂ ಆಗಬೇಕು. ಬೆಂಗಳೂರಿನಲ್ಲಿ 2023ರಲ್ಲಿ ಎಣಿಸಿದಾಗಲೇ 2.79 ಲಕ್ಷ ನಾಯಿ ಇದ್ದವಲ್ಲ. ನಮ್ಮ ಬೀದಿಯಲ್ಲಿರುವುದು ಒಂಬತ್ತು. ಆಪರೇಷನ್ ಆಗಿದೆ ಅಂತ ಕಿವಿ ಕತ್ತರಿಸಿದ ಗುರುತು ಇರುವುದು ಎರಡಕ್ಕೆ. ನಾಯಿಗಳ ಮೇಲೆ ನನಗೆ ಸಿಟ್ಟಿಲ್ಲ. ಕಾಳ ಅಂತ ಒಂದಿದೆ, ಅದಕ್ಕೆ ದಿನಾ ಅನ್ನ ಹಾಕುವುದು ನಾನೇ. ಅವಕ್ಕೆ ಔಷಧಿ ಹಾಕಿಸಿ ಸಾರ್, ಒಂದು ಸಲ ಅಲ್ಲ, ಆಗಾಗ.

ಬೀಗದ ಕೀ ಕಾಂಟ್ರಾಕ್ಟರ್ ಹತ್ತಿರ ಇದೆಯಂತೆ. ಬಿಲ್ ಪಾಸಾಗಿಲ್ಲ ಅಂತ ಕೊಡುತ್ತಿಲ್ಲವಂತೆ. ಕಮಾನು ಎದ್ದು ನಿಂತಿದೆ, ಅದರ ಮೇಲೆ ನಿಮ್ಮ ಫೋಟೋ ರಾತ್ರಿಯೆಲ್ಲ ಲೈಟಿನಲ್ಲಿ ಹೊಳೆಯುತ್ತದೆ. ನಾವು ಸೈಟಿಗೆ ಹೋಗುವುದು ಅದರ ಕೆಳಗಿಂದಲೇ. ಕಾಂಟ್ರಾಕ್ಟರ್‌ಗೆ ಒಂದು ಫೋನ್ ಮಾಡಿ.

ಇಂತಿ,
ಕಮಾನಿನ ಹಿಂದಿನ ಗಲ್ಲಿಯ ಟೈಲರ್