ಟಿಪ್ಪರ್ ಸುರಿದದ್ದಕ್ಕೆ ಟಿಪ್ಪರ್ ಮಾಲೀಕರೇ ತೆರಲಿ

ಮಾನ್ಯ ಸಂಪಾದಕರೇ,

2025ರ ಏಪ್ರಿಲ್‌ನಿಂದ ಬೆಂಗಳೂರಿನ ಮನೆ ಮಾಲೀಕರು ಆಸ್ತಿ ತೆರಿಗೆಯ ಜೊತೆಗೆ ಕಸದ ಶುಲ್ಕವನ್ನೂ ಕಟ್ಟುತ್ತಿದ್ದಾರೆ. 600 ಚದರ ಅಡಿಯ ಪುಟ್ಟ ಮನೆಗೂ ಆಗ ತಿಂಗಳಿಗೆ 10 ರೂಪಾಯಿ ನಿಗದಿಯಾಯಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ, ಬೀದಿಗೆ ಕಸದ ಕವರ್ ಎಸೆದವರನ್ನು ಹುಡುಕಿ ಅವರ ಮನೆ ಮುಂದೆಯೇ ಕಸ ಸುರಿಯುವ ಕಾರ್ಯಾಚರಣೆಯೂ ನಡೆಯಿತು. ಕವರ್ ಎಸೆದವರು ಸಿಕ್ಕಿಬಿದ್ದರು, ಸರಿ. ಲೋಡುಗಟ್ಟಲೆ ಸುರಿಯುವವರು?

ನಗರದ ಅಂಚಿನ ನಮ್ಮ ಊರಿಗೆ ಅವರು ಬರುವುದು ನಡುರಾತ್ರಿ ದಾಟಿದ ಮೇಲೆ. ಟಿಪ್ಪರಿನ ನಂಬರ್ ಪ್ಲೇಟಿಗೆ ಮಣ್ಣು ಮೆತ್ತಿರುತ್ತದೆ. ಬೆಳಿಗ್ಗೆ ನೋಡಿದರೆ ಕೆರೆ ಏರಿಯ ಪಕ್ಕ ಒಡೆದ ಟೈಲ್ಸ್, ಕಮೋಡ್, ಕೋಳಿ ಪುಕ್ಕದ ಮೂಟೆ. ಒಳ್ಳೆಯ ಮುಹೂರ್ತ ಯಾವಾಗ ಇತ್ತೆಂದು ತಿಳಿಯಲು ನಮಗೆ ಪಂಚಾಂಗ ಬೇಕಿಲ್ಲ: ಊಟದೆಲೆ, ಅರ್ಧ ಕುಡಿದಿಟ್ಟ ನೀರಿನ ಬಾಟಲಿ, ಹಳಸಿದ ಪಾಯಸ ರಸ್ತೆಯವರೆಗೂ ಹರಡಿರುತ್ತವೆ. ಕೊನೆಗೆ ಪಂಚಾಯಿತಿ ಗಂಟೆ ಲೆಕ್ಕದಲ್ಲಿ ಜೆಸಿಬಿ ಕರೆಸಬೇಕು. ಯಾರದೋ ಮದುವೆಯ ಎಂಜಲೆಲೆ ಎತ್ತಲು ನಮ್ಮ ಕಂದಾಯ!

ದಿನಕ್ಕೆ 100 ಕೆ.ಜಿ.ಗಿಂತ ಹೆಚ್ಚು ಕಸ ಮಾಡುವ ಹೋಟೆಲ್, ಕಲ್ಯಾಣ ಮಂಟಪ, ಅಪಾರ್ಟ್‌ಮೆಂಟ್‌ಗಳನ್ನು 2016ರ ಘನತ್ಯಾಜ್ಯ ನಿಯಮಗಳೇ ಬೇರೆಯಾಗಿ ಗುರುತಿಸಿದ್ದವು. ತಾವೇ ಸಂಸ್ಕರಿಸದ ಇಂಥವರಿಗೆ ಬೆಂಗಳೂರಿನಲ್ಲಿ 2025ರಲ್ಲಿ ನಿಗದಿಯಾದ ದರ ಕೆ.ಜಿ.ಗೆ 12 ರೂಪಾಯಿ. ಅದಕ್ಕಿಂತ ತೀರಾ ಅಗ್ಗಕ್ಕೆ ಸಾಗಿಸುತ್ತೇನೆಂದು ಯಾರಾದರೂ ಒಪ್ಪಿಕೊಂಡರೆ ಉಳಿತಾಯ ಎಲ್ಲಿಂದ ಬಂತೆಂದು ಕಸ ಕೊಡುವವರು ಕೇಳಬೇಡವೇ?

ಆದ್ದರಿಂದ ವಾಣಿಜ್ಯ ಕಸ ಮತ್ತು ಕಟ್ಟಡದ ಅವಶೇಷ ಸಾಗಿಸುವ ಪ್ರತಿ ವಾಹನಕ್ಕೂ ವಾರ್ಷಿಕ ಪರವಾನಗಿ ಶುಲ್ಕ ಮತ್ತು ಠೇವಣಿ ವಿಧಿಸಬೇಕು. ಆದರೆ ಲೋಡಿನ ಲೆಕ್ಕದಲ್ಲಿ ಬೇಡ. ಹಾಗೆ ಮಾಡಿದರೆ ಸಂಸ್ಕರಣಾ ಘಟಕದ ಗೇಟಿಗೆ ಹೋದವನೇ ದಂಡ ತೆತ್ತಂತೆ, ಕೆರೆಗೆ ಸುರಿದವನಿಗೆ ಲಾಭ. ವಾಹನಕ್ಕೆ ಶುಲ್ಕ ಹಾಕಿದರೆ ಎಲ್ಲಿ ಸುರಿದರೂ ಕಟ್ಟಿದ ಹಣ ಕಟ್ಟಿದ್ದೇ. ಘಟಕದ ತೂಕದ ಚೀಟಿಗಳನ್ನು ಒಪ್ಪಿಸಿದವರಿಗೆ ಠೇವಣಿ ವಾಪಸ್, ಇಲ್ಲದಿದ್ದರೆ ಮುಟ್ಟುಗೋಲು. ಒಂದೇ ಟ್ರ್ಯಾಕ್ಟರ್ ಇಟ್ಟುಕೊಂಡು ಬದುಕುವವನಿಗೂ ಹತ್ತು ಚಕ್ರದ ಲಾರಿಗಳ ಒಡೆಯನಿಗೂ ಒಂದೇ ದರ ಸಲ್ಲದು. ಸಾಗಣೆದಾರರು ಈ ಹೊರೆಯನ್ನು ಮಂಟಪದವರ ಮೇಲೆ, ಅವರು ಬೀಗರ ಮೇಲೆ ಹಾಕುತ್ತಾರೆ ಎನ್ನಬಹುದು. ಹಾಕಲಿ. ಸಾವಿರಾರು ಜನಕ್ಕೆ ಊಟ ಹಾಕಿಸುವವರಿಗೆ ಎಲೆ ಎತ್ತಿಸುವ ಖರ್ಚು ಭಾರವಾಗದು.

ಮಾವಳ್ಳಿಪುರ, ಮಂಡೂರಿನ ಜನ ವರ್ಷಗಟ್ಟಲೆ ನಗರದ ಕಸ ಹೊತ್ತು, ಕೊನೆಗೆ ಬೀದಿಗಿಳಿದ ಮೇಲಷ್ಟೇ ಅಲ್ಲಿಗೆ ಲಾರಿಗಳು ನಿಂತವು. ಈಗ ಕಸ ಒಂದೇ ಊರಿಗೆ ಬರುವುದಿಲ್ಲ, ಹತ್ತಾರು ಊರುಗಳಿಗೆ ಕದ್ದು ಬರುತ್ತದೆ. ಈ ಊರುಗಳು ಗ್ರೇಟರ್ ಬೆಂಗಳೂರಿನ ಐದು ಪಾಲಿಕೆಗಳ ಗಡಿಯಾಚೆ ಇವೆ. ಹಾಗಾಗಿ ರಾಜ್ಯ ಸರ್ಕಾರವೇ ಮುಂದಾಗಿ ಪ್ರತ್ಯೇಕ ನಿಧಿ ಮಾಡಿ, ಸ್ವಚ್ಛತೆಯ ಹಣ ಗ್ರಾಮ ಪಂಚಾಯಿತಿಗಳಿಗೆ ನೇರವಾಗಿ ತಲುಪುವಂತೆ ನೋಡಿಕೊಳ್ಳಬೇಕು. ಪಾಲಿಕೆಗಳ ಖಾತೆಯಲ್ಲೇ ಕೊಳೆಯುವುದಾದರೆ ಈ ಶುಲ್ಕವೇ ಬೇಡ.

– ಒಬ್ಬ ಓದುಗ, ಬೆಂಗಳೂರು ಪೂರ್ವ ತಾಲ್ಲೂಕು